ಹಾಲ್‌ಗೆ ಯಾವ ಅಳತೆಯ ರಗ್? ಕೋಣೆಗಿಂತ ಮೊದಲು ಸೋಫಾ ಅಳೆಯಿರಿ

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ಹಾಲ್ 19 ಅಡಿ ಉದ್ದ, 11 ಅಡಿ ಅಗಲ. ಅದರಲ್ಲೇ ಒಂದು ತುದಿಗೆ ಡೈನಿಂಗ್ ಟೇಬಲ್. ಉದ್ದನೆಯ ಗೋಡೆಗೆ 7 ಅಡಿಯ ಸೋಫಾ, ಎದುರು ಗೋಡೆಗೆ ಟಿವಿ ಯೂನಿಟ್, ಸೋಫಾದ ಪಕ್ಕಕ್ಕೆ ಒಂದು ಸಿಂಗಲ್ ಚೇರ್. ಆನ್‌ಲೈನ್‌ನಲ್ಲಿ 4×6 ಅಡಿಯ ರಗ್ ತರಿಸಿದೆ. ಹಾಸಿ ನೋಡಿದರೆ ನೆಲದ ಮೇಲೆ ಕರ್ಚೀಫ್ ಇಟ್ಟ ಹಾಗಿದೆ! ಅಂಗಡಿಯಲ್ಲಿ ಕೇಳಿದರೆ 8×10 ತೊಗೊಳ್ಳಿ ಅಂತಾರೆ. ಅತ್ತೆಗೆ 70 ದಾಟಿದೆ, ಎಡವಿಬಿಡ್ತಾರೇನೋ ಅಂತ ಭಯ. ದಿನಾ ನೆಲ ಒರೆಸುವುದೂ ಇದೆ. ಯಾವ ಸೈಜ್ ತರಲಿ? ಡೈನಿಂಗ್ ಟೇಬಲ್ ಕೆಳಗೂ ಹಾಕಬೇಕಾ? ಬೆಡ್‌ರೂಮಿಗೆ ಏನು ಮಾಡಲಿ?

ಉತ್ತರ:

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಹಾಲ್‌ಗೆ 6×9 ತನ್ನಿ. ತೆಳ್ಳಗೆ ನೇಯ್ದ ಹತ್ತಿಯದ್ದಾದರೆ ಒಳ್ಳೆಯದು. ಡೈನಿಂಗ್ ಟೇಬಲ್ ಕೆಳಗೆ ಏನೂ ಬೇಡ. ಬೆಡ್‌ರೂಮಿನಲ್ಲಿ ಮಂಚದ ಪಕ್ಕಕ್ಕೆ ಉದ್ದನೆಯದೊಂದು ಸಾಕು. ನಿಮ್ಮ 4×6 ಎಸೆಯಬೇಡಿ, ಅದಕ್ಕೂ ಜಾಗ ಇದೆ.

ಈಗ ಕಾರಣ. ರಗ್ ತರುವಾಗ ಎಲ್ಲರೂ ಹಾಲ್ ಅಳೆಯುತ್ತಾರೆ, ಇಲ್ಲವೇ ಸೋಫಾ ಮುಂದೆ ಕಾಣುವ ಖಾಲಿ ನೆಲ ಅಳೆಯುತ್ತಾರೆ. ಎರಡರಿಂದಲೂ ಸರಿಯಾದ ಸೈಜ್ ಸಿಗುವುದಿಲ್ಲ. ಹಾಲ್ ನೋಡಿ ತಂದರೆ ದೊಡ್ಡದಾಗುತ್ತದೆ, ಖಾಲಿ ನೆಲ ನೋಡಿ ತಂದರೆ ಚಿಕ್ಕದಾಗುತ್ತದೆ. ನಿಮಗೆ ಆಗಿದ್ದು ಎರಡನೆಯದು. ಅಳೆಯಬೇಕಾದದ್ದು ಜನ ಕೂರುವ ಗುಂಪನ್ನು, ಅಂದರೆ ಸೋಫಾ, ಚೇರ್, ಟೀಪಾಯಿ ಮೂರೂ ಸೇರಿ ಎಷ್ಟು ಜಾಗ ಹಿಡಿಯುತ್ತವೆ ಎಂಬುದನ್ನು. ಇವುಗಳ ಮುಂಗಾಲುಗಳಾದರೂ ರಗ್ ಮೇಲೆ ಬರಬೇಕು. ಆಗ ಮೂರೂ ಒಂದೇ ಕಡೆಯವು ಎಂದು ಕಣ್ಣಿಗೆ ಅನ್ನಿಸುತ್ತದೆ. ಸೋಫಾ ಕಾಲು ಒಂದೂ ತಾಕದೆ, ಟೀಪಾಯಿ ಮಾತ್ರ ರಗ್ ಮೇಲೆ ನಿಂತರೆ, ಎಷ್ಟೇ ದುಬಾರಿ ರಗ್ ಆದರೂ ಎಲ್ಲಿಂದಲೋ ತಂದು ಮಧ್ಯದಲ್ಲಿ ಇಟ್ಟಂತೆ ಕಾಣುತ್ತದೆ.

ಉದ್ದದ ಲೆಕ್ಕ ಸುಲಭ. ರಗ್ ಸೋಫಾಕ್ಕಿಂತ ಉದ್ದ ಇರಬೇಕು, ಎರಡೂ ಕಡೆ ಕನಿಷ್ಠ ಅರ್ಧ ಅಡಿ ಆಚೆಗೆ ಚಾಚಬೇಕು. ನಿಮ್ಮ ಸೋಫಾ 7 ಅಡಿ. ಅಂದರೆ 8 ಅಡಿಗಿಂತ ಕಡಿಮೆಯದ್ದು ನೋಡಲೇಬೇಡಿ. 9 ಅಡಿ ಆದರೆ ಎರಡೂ ಕಡೆ ಒಂದೊಂದು ಅಡಿ ಸಿಗುತ್ತದೆ, ಪಕ್ಕದ ಚೇರ್‌ನ ಮುಂಗಾಲು ಕೂಡ ಅದರ ಮೇಲೆ ಬಂದು ಕೂರುತ್ತದೆ.

ಅಗಲದ ಲೆಕ್ಕ ಸ್ವಲ್ಪ ಜಾಸ್ತಿ ಯೋಚಿಸಬೇಕಾದದ್ದು, ಯಾಕೆಂದರೆ ಅಲ್ಲೇ ನಿಮ್ಮ ಅತ್ತೆ ಓಡಾಡುವ ದಾರಿ ಇದೆ. ಹಾಲ್ ಅಗಲ 11 ಅಡಿ. ಸಾಮಾನ್ಯವಾಗಿ ಸೋಫಾ 3 ಅಡಿ ಹಿಡಿಯುತ್ತದೆ, ಟಿವಿ ಯೂನಿಟ್ ಒಂದೂವರೆ ಅಡಿ. ಉಳಿಯುವುದು ಆರೂವರೆ ಅಡಿ. 6 ಅಡಿ ಅಗಲದ ರಗ್ಗನ್ನು ಒಂದೂವರೆ ಅಡಿ ಸೋಫಾ ಅಡಿಗೆ ತಳ್ಳಿ. ನಾಲ್ಕೂವರೆ ಅಡಿ ಹೊರಗೆ ಕಾಣುತ್ತದೆ. ಟಿವಿ ಯೂನಿಟ್ ಮುಂದೆ 2 ಅಡಿ ಬರೀ ನೆಲ ಉಳಿಯುತ್ತದೆ. ಅದು ನಡೆಯುವ ದಾರಿ. ಬಾಗಿಲಿನಿಂದ ಅಡುಗೆಮನೆಗೆ ಹೋಗುವವರು ರಗ್ ತುಳಿಯದೆ ಹೋಗಬಹುದು.

ಈಗ 8×10 ಹಾಕಿ ನೋಡೋಣ. ಅದನ್ನೂ ಒಂದೂವರೆ ಅಡಿ ಒಳಗೆ ತಳ್ಳಿದರೆ ಆರೂವರೆ ಅಡಿ ಹೊರಗೆ ಬರುತ್ತದೆ, ಅಂದರೆ ನೇರವಾಗಿ ಟಿವಿ ಯೂನಿಟ್ಟಿಗೆ ಹೋಗಿ ತಾಕುತ್ತದೆ. ತಾಕಬಾರದು ಅಂತಾದರೆ ಸೋಫಾವನ್ನು ಪೂರ್ತಿ ರಗ್ ಮೇಲೆ ಹತ್ತಿಸಬೇಕು, ಆಗಲೂ ಟಿವಿ ಕಡೆ ಉಳಿಯುವುದು ಹೆಚ್ಚೆಂದರೆ ಒಂದೂವರೆ ಅಡಿ. ಅಂಗಡಿಯವರು ಹೇಳಿದ್ದು ಪೂರ್ತಿ ತಪ್ಪಲ್ಲ, 14 ಅಡಿ ಅಗಲದ ಹಾಲ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮ ಹಾಲ್‌ಗೆ ಅದು ಸರಿಹೋಗುವುದಿಲ್ಲ, ಅಷ್ಟೇ.

ದುಡ್ಡು ಹೊಂದಲಿಲ್ಲ ಅಂದರೆ 5×8ಕ್ಕೆ ಇಳಿಯಬಹುದು. ಅದನ್ನು ಒಂದು ಅಡಿ ಮಾತ್ರ ಸೋಫಾ ಅಡಿಗೆ ಹಾಕಿ, ಚೇರನ್ನು ರಗ್‌ನಿಂದ ಪೂರ್ತಿ ಹೊರಗಿಡಿ. ಅರ್ಧ ಒಳಗೆ ಅರ್ಧ ಹೊರಗೆ ಆಗಿ ಕುರ್ಚಿ ಅಲುಗಾಡುವುದಕ್ಕಿಂತ ಅದು ಮೇಲು. ಅದಕ್ಕಿಂತ ಕೆಳಗೆ ಬೇಡ.

ದುಡ್ಡಿನ ಮಾತು ಬಂತಲ್ಲ, ಇದನ್ನೂ ಹೇಳಬೇಕು. ಕೇಳುವಾಗ 4×6ಕ್ಕೂ 6×9ಕ್ಕೂ ಎರಡು ಮೂರು ಅಡಿ ವ್ಯತ್ಯಾಸ ಅಷ್ಟೇ ಅನ್ನಿಸುತ್ತದೆ. ಗುಣಿಸಿ ನೋಡಿ. 4×6 ಅಂದರೆ 24 ಚದರ ಅಡಿ. 5×8 ಅಂದರೆ 40. 6×9 ಅಂದರೆ 54. 8×10 ಅಂದರೆ 80. ನೀವು ತಂದದ್ದಕ್ಕಿಂತ ನಿಮಗೆ ಬೇಕಾದದ್ದು ಎರಡು ಪಟ್ಟಿಗೂ ಜಾಸ್ತಿ. ಬೆಲೆಯೂ ಹೆಚ್ಚುಕಡಿಮೆ ಹಾಗೇ ಏರುತ್ತದೆ. ಅದಕ್ಕೇ ಜನ ಒಂದು ಸೈಜ್ ಕಮ್ಮಿ ತಂದು ಆಮೇಲೆ ಬೇಜಾರಾಗುತ್ತಾರೆ. ಇಂತಿಷ್ಟೇ ದುಡ್ಡು ಅಂತ ಇದ್ದರೆ ನನ್ನ ಸಲಹೆ ಒಂದೇ: ಚಿಕ್ಕ ಉಣ್ಣೆ ರಗ್ ಬಿಡಿ, ಅದೇ ದುಡ್ಡಿಗೆ ದೊಡ್ಡ ಹತ್ತಿ ಜಮಖಾನ ತನ್ನಿ. ಉಣ್ಣೆ ಎಷ್ಟೇ ಚೆನ್ನಾಗಿದ್ದರೂ ಅಳತೆ ಕಮ್ಮಿಯಾದರೆ ಅದರ ಅಂದ ಕಾಣುವುದಿಲ್ಲ.

ಈಗ ನೆಲ ಒರೆಸುವ ವಿಚಾರ. ರಗ್ ಬಗ್ಗೆ ಹೊರದೇಶದವರು ಹೇಳುವ ಲೆಕ್ಕಗಳಲ್ಲಿ ಇದು ಬರುವುದೇ ಇಲ್ಲ, ಯಾಕೆಂದರೆ ಅಲ್ಲಿ ದಿನಾ ಒದ್ದೆ ಬಟ್ಟೆ ಹಿಡಿದು ನೆಲ ಒರೆಸುವ ರೂಢಿ ಕಡಿಮೆ. ನಮ್ಮಲ್ಲಿ ರಗ್ ಸೈಜ್ ತೀರ್ಮಾನ ಮಾಡುವುದರಲ್ಲಿ ಇದಕ್ಕೆ ಅರ್ಧ ಪಾಲಾದರೂ ಇದೆ. ಸೋಫಾದ ನಾಲ್ಕೂ ಕಾಲು ರಗ್ ಮೇಲಿದ್ದರೆ ಅದನ್ನು ಎತ್ತಲು ಸೋಫಾ ಸರಿಸಬೇಕು. ದಿನಾ ಯಾರು ಸರಿಸುತ್ತಾರೆ? ಒಂದು ವಾರ ಆಗುತ್ತದೆ, ಆಮೇಲೆ ಬಿಟ್ಟುಬಿಡುತ್ತಾರೆ, ಅಡಿಯಲ್ಲಿ ಧೂಳು ತುಂಬುತ್ತದೆ. ಮುಂಗಾಲು ಮಾತ್ರ ಇದ್ದರೆ ಟೀಪಾಯಿ ಪಕ್ಕಕ್ಕಿಟ್ಟು, ಚೇರ್ ಸ್ವಲ್ಪ ಹಿಂದೆ ಎಳೆದು, ರಗ್‌ನ ಟಿವಿ ಕಡೆಯ ಅಂಚು ಹಿಡಿದು ಸೋಫಾ ಕಡೆಗೆ ಮಡಚಿ ಹಾಕಿದರೆ ಆಯ್ತು. ನಾಲ್ಕೂವರೆ ಅಡಿ ನೆಲ ಪೂರ್ತಿ ತೆರೆದುಕೊಳ್ಳುತ್ತದೆ. ಒರೆಸಿ, ನೆಲ ಪೂರ್ತಿ ಒಣಗಿದ ಮೇಲೆ ಮತ್ತೆ ಹಾಸಿ. ಇದು ಒಬ್ಬರೇ ಮಾಡುವ ಕೆಲಸ, ಆದರೆ ರಗ್ ತೆಳ್ಳಗಿರಬೇಕು. ಹಿಂದೆ ರಬ್ಬರ್ ಅಂಟು ಬಳಿದು ಬಟ್ಟೆ ಹಚ್ಚಿದ ದಪ್ಪ ಉಣ್ಣೆ ರಗ್ 6×9 ಸೈಜಿನಲ್ಲಿ ತುಂಬಾ ಭಾರ, ಮಡಚಲೂ ಬಗ್ಗುವುದಿಲ್ಲ. ಮನೆಗೆಲಸಕ್ಕೆ ಬರುವ ಅಕ್ಕನ ಸೊಂಟದ ಬಗ್ಗೆಯೂ ನಾವು ಯೋಚಿಸಬೇಕಲ್ವಾ? ದಿನಾ ಎತ್ತಬೇಕಿಲ್ಲ, ಸುತ್ತ ಒರೆಸಿ ವಾರಕ್ಕೆ ಎರಡು ಸಲ ಮಡಚಿ ಒರೆಸಿದರೂ ಸಾಕು. ಒದ್ದೆ ನೆಲದ ಮೇಲೆ ಮಾತ್ರ ಹಾಸಬೇಡಿ. ಅಡಿಯಲ್ಲಿ ತೇವ ಕೂತರೆ ಹತ್ತಿಗೂ ವಾಸನೆ ಬರುತ್ತದೆ, ಸೆಣಬು ಅಂತೂ ಬೇಗ ಹಾಳಾಗುತ್ತದೆ. ಮಲೆನಾಡು, ಕರಾವಳಿ ಕಡೆಯವರು ಸೆಣಬಿನ ರಗ್ ತರುವ ಮುಂಚೆ ಮಳೆಗಾಲ ನೆನಪಿಸಿಕೊಳ್ಳಿ.

ಅತ್ತೆಯವರ ವಿಚಾರಕ್ಕೆ ಬರೋಣ. ನಿಮ್ಮ ಭಯ ನ್ಯಾಯವಾದದ್ದು, ಇದನ್ನು ಹಗುರಾಗಿ ತೊಗೊಳ್ಳಬೇಡಿ. ಆದರೆ ಚಿಕ್ಕ ರಗ್ ಇದ್ದರೆ ಎಡವುವುದಿಲ್ಲ ಎನ್ನುವುದು ಸರಿಯಲ್ಲ. ವಿಟ್ರಿಫೈಡ್ ಟೈಲ್ಸ್ ಮೇಲೆ ಯಾವ ಭಾರವೂ ಇಲ್ಲದೆ ಸುಮ್ನೆ ಬಿದ್ದಿರುವ ಚಿಕ್ಕ ರಗ್ಗೇ ಜಾಸ್ತಿ ಜಾರುವುದು. ದೊಡ್ಡ ರಗ್ ಸೋಫಾ ಕಾಲಿನ ಅಡಿಗೆ ಸಿಕ್ಕಿಕೊಂಡಿರುತ್ತದೆ, ಅಲುಗಾಡುವುದಿಲ್ಲ. ಮೂರು ವಿಷಯ ನೋಡಿಕೊಳ್ಳಿ. ರಗ್‌ನ ಅಂಚು ಅವರು ನಡೆಯುವ ದಾರಿಗೆ ಅಡ್ಡ ಬರಬಾರದು. ಮೇಲೆ ಹೇಳಿದ 2 ಅಡಿ ಅದಕ್ಕೇ. ಅವರು ಕೋಲು ಅಥವಾ ವಾಕರ್ ಹಿಡಿಯುತ್ತಾರೆ ಅಂದರೆ 2 ಅಡಿ ಇಕ್ಕಟ್ಟಾಗುತ್ತದೆ, ಆಗ 5×8 ತನ್ನಿ, ಎರಡೂವರೆ ಅಡಿ ಬಿಡಿ. ಎರಡನೆಯದು, ಅಡಿಗೆ ಜಾರದ ಮ್ಯಾಟ್ ಹಾಕಿ. ಜಾಳಿಗೆಯಂಥ ರಬ್ಬರ್ ಮ್ಯಾಟ್ ಸಿಗುತ್ತದೆ. ಅದನ್ನು ರಗ್‌ಗಿಂತ ನಾಲ್ಕೂ ಕಡೆ ಒಂದೊಂದು ಇಂಚು ಕಮ್ಮಿ ಕತ್ತರಿಸಿ, ಆಗ ಅಂಚು ನೆಲಕ್ಕೆ ಒರಗುತ್ತದೆ. ಮೂರನೆಯದು, ಹೊಸ ರಗ್ ಸುರುಳಿ ಸುತ್ತಿ ಬಂದಿರುತ್ತದೆ, ಮೂಲೆ ಮೇಲಕ್ಕೆ ಎದ್ದಿರುತ್ತದೆ. ಉಲ್ಟಾ ಸುತ್ತಿ ಒಂದು ರಾತ್ರಿ ಇಡಿ, ಮೂಲೆ ಕೂರುವವರೆಗೆ ಮೇಲೆ ಭಾರ ಇಡಿ. ಕೂರದ ಮೂಲೆ ಇದ್ದರೆ ಆ ರಗ್ ವಯಸ್ಸಾದವರಿರುವ ಮನೆಗೆ ಬೇಡ, ವಾಪಸ್ ಕಳಿಸಿ.

ತರಿಸುವ ಮುಂಚೆ ಹಾಸಿ ನೋಡುವುದು ಹೇಗೆ? ಮನೆಯಲ್ಲಿರುವ ಬೆಡ್‌ಶೀಟ್ ಸಾಕು. ಸಿಂಗಲ್ ಬೆಡ್‌ಶೀಟ್ ಸಾಮಾನ್ಯವಾಗಿ 60×90 ಇಂಚು, ಅಂದರೆ 5 ಅಡಿಗೆ ಏಳೂವರೆ ಅಡಿ. ಹೆಚ್ಚುಕಡಿಮೆ 5×8 ರಗ್ಗಿನ ಅಳತೆ. ಡಬಲ್ ಬೆಡ್‌ಶೀಟ್ 90×108 ಇಂಚಿನದಾದರೆ ಏಳೂವರೆ ಅಡಿಗೆ 9 ಅಡಿ. ಅದರ ಅಗಲದಲ್ಲಿ ಒಂದೂವರೆ ಅಡಿ ಒಳಗೆ ಮಡಚಿ ಹಾಸಿದರೆ ಸರಿಯಾಗಿ 6×9. ಎರಡನ್ನೂ ಒಂದಾದ ಮೇಲೊಂದು ಹಾಸಿ, ಬಾಗಿಲ ಹತ್ತಿರ ನಿಂತು ನೋಡಿ, ಸೋಫಾದಲ್ಲಿ ಕೂತು ನೋಡಿ. ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಆದರೆ ಬೆಡ್‌ಶೀಟ್ ಟೈಲ್ಸ್ ಮೇಲೆ ಜಾರುತ್ತದೆ, ನೋಡಿ ತೆಗೆದುಬಿಡಿ. ನಾಲ್ಕು ಮೂಲೆಗೆ ಮಾಸ್ಕಿಂಗ್ ಟೇಪ್ ಗುರುತು ಹಚ್ಚಿ ಎರಡು ಮೂರು ದಿನ ಬಿಡಿ. ಮನೆಯವರೆಲ್ಲ ಎಲ್ಲಿ ನಡೆಯುತ್ತಾರೆ, ಮಕ್ಕಳು ಎಲ್ಲಿ ಕೂತು ಹೋಂವರ್ಕ್ ಮಾಡುತ್ತಾರೆ, ಟಿವಿ ಯೂನಿಟ್ ಡ್ರಾಯರ್ ಎಷ್ಟು ಹೊರಗೆ ಬರುತ್ತದೆ, ಬಾಲ್ಕನಿ ಬಾಗಿಲು ಎಲ್ಲಿವರೆಗೆ ತಿರುಗುತ್ತದೆ, ಎಲ್ಲ ಆ ಗುರುತಿಗೆ ಹೋಲಿಸಿ ನೋಡಬಹುದು.

ಟೇಪ್ ಅಳತೆ ಕೈಗೆ ಸಿಗದಿದ್ದರೆ ಟೈಲ್ಸ್ ಎಣಿಸಿ. ಎರಡು ಅಡಿಯ ಟೈಲ್ಸ್ ಆದರೆ 6×9 ಅಂದರೆ ಮೂರು ಟೈಲ್ಸ್ ಅಗಲ, ನಾಲ್ಕೂವರೆ ಟೈಲ್ಸ್ ಉದ್ದ. ಈಗಿನ ಫ್ಲ್ಯಾಟ್‌ಗಳಲ್ಲಿ ಇನ್ನೂ ದೊಡ್ಡ ಟೈಲ್ಸ್ ಇರುತ್ತವೆ, ಹಾಗಾಗಿ ಒಂದನ್ನಾದರೂ ಸ್ಕೇಲಿನಲ್ಲಿ ಅಳೆದು ಎಣಿಸಿ. ಹಾಸುವಾಗಲೂ ಟೈಲ್ಸ್ ಗೆರೆ ನೋಡಿ ಹಾಸಿ. ರಗ್ ಅಂಚು ಆ ಗೆರೆಗೆ ಸ್ವಲ್ಪ ಓರೆಯಾದರೂ ಎದ್ದು ಕಾಣುತ್ತದೆ. ಹಳೆ ಮನೆಯ ರೆಡ್ ಆಕ್ಸೈಡ್ ನೆಲಕ್ಕೆ ಈ ತೊಂದರೆ ಇಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ವಿಷಯ ಇದೆ. ನಾವು ಸೋಫಾ ಇದ್ದರೂ ನೆಲದ ಮೇಲೆ ಕೂರುತ್ತೇವೆ. ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಬಂದವರು, ನೆಂಟರ ಮಕ್ಕಳು, ಭಜನೆಗೆ ಬಂದವರು, ಎಲ್ಲ ರಗ್ ಮೇಲೇ ಕೂರುತ್ತಾರೆ. ಒಬ್ಬರು ಚಕ್ಕಂಬಕ್ಕಳ ಹಾಕಿ ಕೂರಲು ಎರಡೂವರೆ ಅಡಿ ಬೇಕು. 6×9ರಲ್ಲಿ ಟೀಪಾಯಿ ತೆಗೆದರೆ ಹೊರಗೆ ಕಾಣುವ ನಾಲ್ಕೂವರೆ ಅಡಿಯಲ್ಲಿ ಉದ್ದಕ್ಕೆ ಮೂರು ಜನ ಆರಾಮಾಗಿ ಕೂರುತ್ತಾರೆ, ಎದುರುಬದುರಾಗಿ ಸ್ವಲ್ಪ ಒತ್ತಿ ಕೂತರೆ ಆರು ಜನ. 4×6ರಲ್ಲಿ ಇದು ಆಗುವುದಿಲ್ಲ. ಇದಕ್ಕೂ ತೆಳ್ಳನೆಯ ಹತ್ತಿಯದೇ ಸರಿ, ಸೆಣಬು ಕಾಲಿಗೆ ಚುಚ್ಚುತ್ತದೆ.

ಡೈನಿಂಗ್ ಟೇಬಲ್ ಕೆಳಗೆ ಬೇಡ ಅಂದೆ. ಅಲ್ಲಿ ರಗ್ ಹಾಕಬೇಕಾದರೆ ಟೇಬಲ್‌ನ ನಾಲ್ಕೂ ಕಡೆ ಎರಡು, ಎರಡೂಕಾಲು ಅಡಿ ಜಾಸ್ತಿ ಬೇಕು. ಕುರ್ಚಿ ಹಿಂದೆ ಎಳೆದಾಗಲೂ ಅದರ ಹಿಂಗಾಲು ರಗ್ ಮೇಲೇ ಇರಬೇಕು, ಇಲ್ಲವಾದರೆ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಆರು ಜನರ 5×3 ಅಡಿ ಟೇಬಲ್ಲಿಗೆ 8×10 ರಗ್ ಬೇಕಾಗುತ್ತದೆ. ಹಾಲ್‌ನ ಉದ್ದದಲ್ಲಿ ಸೋಫಾ, ಚೇರ್ ಹಿಡಿಯುವ ಜಾಗ ಬಿಟ್ಟರೆ ನಿಮ್ಮಲ್ಲಿ ಉಳಿಯುವುದೇ ಸುಮಾರು 8 ಅಡಿ, ಅದರಲ್ಲಿ ಓಡಾಡುವ ದಾರಿಯೂ ಸೇರಿದೆ. ಜಾಗ ಇದ್ದಿದ್ದರೂ ನಾನು ಬೇಡ ಎನ್ನುತ್ತಿದ್ದೆ. ಸಾರು, ಮೊಸರನ್ನ, ಅರಿಶಿನ ಹಾಕಿದ ಪಲ್ಯ ತಿನ್ನುವ ಮನೆಯಲ್ಲಿ ಟೇಬಲ್ ಕೆಳಗೆ ರಗ್ ಹಾಕಿದರೆ ನೆಮ್ಮದಿಯಾಗಿ ಉಣ್ಣಲಾಗುವುದಿಲ್ಲ. ಬರಿ ನೆಲ ಇದ್ದರೆ ಒಂದು ಸಲ ಒರೆಸಿದರೆ ಮುಗಿಯಿತು.

ಬೆಡ್‌ರೂಮಿನ ಅಳತೆ ನೀವು ಬರೆದಿಲ್ಲ. ಫ್ಲ್ಯಾಟ್‌ಗಳಲ್ಲಿ ಸಾಮಾನ್ಯವಾಗಿ ಇರುವ 10×11 ಅಡಿ, 5 ಅಡಿಗೆ ಆರೂವರೆ ಅಡಿಯ ಕ್ವೀನ್ ಮಂಚ ಅಂತ ಇಟ್ಟುಕೊಳ್ಳುತ್ತೇನೆ. ಚಿತ್ರಗಳಲ್ಲಿ ಮಂಚದ ಮೂರರಲ್ಲಿ ಎರಡು ಭಾಗದ ಅಡಿಗೆ 8×10 ರಗ್ ಹಾಕಿರುವುದನ್ನು ನೋಡಿರುತ್ತೀರಿ. ದೊಡ್ಡ ಕೋಣೆಯಲ್ಲಿ ಅದು ಚಂದವೇ. ಆದರೆ ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುವುದು ಸ್ಟೋರೇಜ್ ಮಂಚ. ಅದಕ್ಕೆ ಕಾಲೇ ಇರುವುದಿಲ್ಲ, ಪೆಟ್ಟಿಗೆ ನೇರ ನೆಲಕ್ಕೆ ಕೂತಿರುತ್ತದೆ, ಒಳಗೆ ಹಾಸಿಗೆ, ಹೊದಿಕೆ, ಹಳೆ ಪಾತ್ರೆ ತುಂಬಿರುತ್ತದೆ. ಅದರ ಅಡಿಗೆ ಹೋದ ರಗ್ ಮತ್ತೆ ಹೊರಗೆ ಬರುವುದಿಲ್ಲ. ಪಕ್ಕದಲ್ಲಿ ಡ್ರಾಯರ್ ಇದ್ದರೆ ದಪ್ಪ ರಗ್ ಅದನ್ನು ತೆರೆಯಲು ಬಿಡುವುದಿಲ್ಲ. ಹಾಗಾಗಿ ಎರಡು, ಎರಡೂವರೆ ಅಡಿ ಅಗಲ, 5 ಅಥವಾ 6 ಅಡಿ ಉದ್ದದ್ದು, ಬೆಳಿಗ್ಗೆ ಎದ್ದು ಕಾಲಿಡುವ ಕಡೆಗೆ ಹಾಕಿ. ಎರಡೂ ಕಡೆ ಜಾಗ ಇದ್ದರೆ ಎರಡು. ಅದಕ್ಕೂ ಜಾರದ ಮ್ಯಾಟ್ ಬೇಕೇ ಬೇಕು, ರಾತ್ರಿ ನಿದ್ದೆಗಣ್ಣಲ್ಲಿ ಕಾಲಿಡುವ ಜಾಗ ಅದು. ಬಾಗಿಲು ತೆರೆಯುವ ಕಡೆ ರಗ್ ಬರುವುದಾದರೆ ಬಾಗಿಲ ಅಡಿಯ ಸಂದು ಅಳೆಯಿರಿ. ಅರ್ಧ ಇಂಚೂ ಇಲ್ಲದ ಬಾಗಿಲುಗಳು ಬೇಕಾದಷ್ಟಿವೆ.

ನಿಮ್ಮ 4×6ನ್ನು ಬೆಡ್‌ರೂಮಿನಲ್ಲೇ ಹಾಕಬಹುದು, ಮಂಚದ ಕಾಲ್ದೆಸೆಯಲ್ಲಿ ಅಡ್ಡಕ್ಕೆ, ಅಲ್ಲಿ ವಾರ್ಡ್‌ರೋಬ್ ಬಾಗಿಲಿಗೆ ತಾಕದಿದ್ದರೆ. ಮಕ್ಕಳು ಓದುವ ಜಾಗಕ್ಕೂ ಅದು ಸರಿಯಾದ ಅಳತೆ. ದೊಡ್ಡ ಸಾದಾ ಜಮಖಾನದ ಮೇಲೆ ಚಿಕ್ಕದನ್ನು ಹಾಸುವ ರೀತಿಯೂ ಇದೆ, 6×9 ಮೇಲೆ 4×6 ಇಟ್ಟರೆ ಸುತ್ತ ಒಂದು, ಒಂದೂವರೆ ಅಡಿ ಅಂಚು ಬಿಟ್ಟು ಚಂದ ಕಾಣುತ್ತದೆ. ನಿಮ್ಮ ಮನೆಗೆ ಅದು ಬೇಡ. ಎಡವಲು ಇನ್ನೊಂದು ಅಂಚು ಯಾಕೆ?

ಎಲ್ ಆಕಾರದ ಸೋಫಾ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ರಗ್ ಎರಡೂ ಭಾಗದ ಅಡಿಗೆ ಅರ್ಧ ಅಡಿಯಾದರೂ ಹೋಗಬೇಕು, ಕಾಲು ಚಾಚಿ ಮಲಗುವ ಭಾಗದ ತುದಿಗಿಂತ ಸ್ವಲ್ಪ ಮುಂದಕ್ಕೂ ಬರಬೇಕು. ಅಲ್ಲಿಗೇ ನಿಂತರೆ ಮೊಟಕಾಗಿ ಕಾಣುತ್ತದೆ. ದುಂಡನೆಯ ರಗ್ ಒಂದು ಕುರ್ಚಿ, ಒಂದು ದೀಪ ಇರುವ ಮೂಲೆಗೆ ಸರಿ, ಮೂರು ಜನರ ಸೋಫಾ ಮುಂದೆ ನನಗೆ ಹಿಡಿಸುವುದಿಲ್ಲ.

ಎಲ್ಲಿಂದ ತರಬೇಕು ಅಂದರೆ, ನಮ್ಮ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನವನ್ನು ಒಮ್ಮೆ ನೋಡಿ ಎಂದು ಮನಸಾರೆ ಹೇಳುತ್ತೇನೆ. ಹತ್ತಿ ನೂಲಿನದು, ಹೆಂಗಸರೇ ಮನೆಯಲ್ಲಿ ನಿಲುವು ಮಗ್ಗದಲ್ಲಿ ನೇಯುವುದು, ಪಗಡೆ ಹಾಸು, ನವಿಲು ಇಂಥ ಚಿತ್ತಾರಗಳಿಗೆ ಹೆಸರಾದದ್ದು. ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಕೂಡ ಇದೆ. ಮೇಲೆ ನಾನು ಕೇಳಿದ ಗುಣಗಳೆಲ್ಲ ಅದರಲ್ಲಿವೆ: ನಯವಾದ ಜೂಲು ಇಲ್ಲ, ಧೂಳು ಒಳಗೆ ಅಡಗಿ ಕೂರುವುದಿಲ್ಲ, ಮಡಚಬಹುದು, ನೆಲದಲ್ಲಿ ಕೂರಲು ಹಿತ. ಕೈಮಗ್ಗದವರ ಹತ್ತಿರ ತರುವವರು ನಿಮಗೆ ಬೇಕಾದ ಅಳತೆಗೆ ನೇಯ್ದುಕೊಡುತ್ತಾರಾ ಎಂದು ಮೊದಲೇ ಕೇಳಿ. ಕೈಯಲ್ಲಿ ನೇಯ್ದದ್ದರಲ್ಲಿ ಒಂದೆರಡು ಇಂಚು ಆಚೀಚೆ ಆಗುವುದು ಸಹಜ, ಅದನ್ನು ಕುಂದು ಎಂದುಕೊಳ್ಳಬೇಡಿ.

ಆನ್‌ಲೈನ್‌ನಲ್ಲೇ ತರಿಸುವುದಾದರೆ ಹೆಸರಿನಲ್ಲಿರುವ ಅಡಿ ನಂಬಬೇಡಿ, ಕೆಳಗೆ ಸೆಂಟಿಮೀಟರ್ ಕೊಟ್ಟಿರುತ್ತಾರೆ, ಅದನ್ನು ನೋಡಿ. 30ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅಡಿ ಸಿಗುತ್ತದೆ. 120×180 ಅಂದರೆ ನಿಮ್ಮ ಹತ್ತಿರ ಇರುವ 4×6. 160×230 ಅಂದರೆ 5×8ಕ್ಕೆ ಹತ್ತಿರ, ಉದ್ದ ಮಾತ್ರ ಐದಾರು ಇಂಚು ಕಮ್ಮಿ. ನಿಮಗೆ ಬೇಕಾದದ್ದು 180×270. ಅದು ಸಿಗದೆ 200×300 ಸಿಕ್ಕರೆ ತರಬಹುದು, ಎರಡು ಅಡಿ ಸೋಫಾ ಅಡಿಗೆ ತಳ್ಳಿದರೆ ಟಿವಿ ಮುಂದಿನ ದಾರಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ತುದಿಯ ಕುಚ್ಚು ಅಳತೆಯಲ್ಲಿ ಸೇರಿದೆಯಾ ಕೇಳಿ, ಎರಡೂ ಕಡೆ ಮೂರು ಮೂರು ಇಂಚು ಕುಚ್ಚು ಸೇರಿಸಿ 9 ಅಡಿ ಅಂದಿದ್ದರೆ ನಿಮಗೆ ಸಿಗುವುದು ಎಂಟೂವರೆ ಅಡಿ ರಗ್. ಬಂದ ದಿನವೇ ಬಿಚ್ಚಿ, ಟೇಪ್ ಹಿಡಿದು ಅಳೆಯಿರಿ, ವಾಪಸ್ ಕಳಿಸುವ ಗಡುವು ಮುಗಿಯುವವರೆಗೆ ಲೇಬಲ್ ಕತ್ತರಿಸಬೇಡಿ.